ಸಹಕಾರ ಸಂಘಕ್ಕೆ ಗ್ರಾಂಟ್ ಬೇಕಾ, ಗಿರಾಕಿ ಬೇಕಾ? ಸ್ಥಳೀಯ ಸಂಸ್ಥೆಗಳ ಪಾತ್ರದ ಬಗ್ಗೆ ಒಂದಿಷ್ಟು

ಒಂದು ಟೆಂಡರ್ ಕಾಗದದಿಂದ ಶುರು ಮಾಡೋಣ. ಹತ್ತು ಜನ ಹೆಂಗಸ್ರು, ವರ್ಷಾನುಗಟ್ಲೆ ಯಾರೋ ಕಂಟ್ರ್ಯಾಕ್ಟರ್ ಕೈಕೆಳಗೆ ಸರ್ಕಾರಿ ಕಟ್ಟಡಗಳನ್ನ ಗುಡಿಸಿ ಒರೆಸಿ ಬಂದೋರು, ಒಂದಿನ ಸೇರ್ಕೊಂಡು ನಾವೇ ಒಂದು ಸಹಕಾರ ಸಂಘ ಮಾಡ್ಕೊಂಡ್ರೆ ಮಧ್ಯದಲ್ಲಿ ಹೋಗೋ ದುಡ್ಡು ನಮಗೇ ಉಳಿಯುತ್ತಲ್ಲ ಅಂತ ಹೊರಟ್ರು ಅಂದ್ಕೊಳ್ಳಿ. ಷೇರು ಹಣ ಹಾಕಿದ್ರು, ನೋಂದಣಿ ಆಯ್ತು, ಅಧ್ಯಕ್ಷೆ ಕಾರ್ಯದರ್ಶಿ ಅಂತ ಆರಿಸ್ಕೊಂಡ್ರು, ರಬ್ಬರ್ ಸ್ಟಾಂಪೂ ಬಂತು. ಅಷ್ಟೊತ್ತಿಗೆ ಪಾಲಿಕೆಯವ್ರು ಕಟ್ಟಡ ಸ್ವಚ್ಛತೆಗೆ ಟೆಂಡರ್ ಕರೀತಾರೆ. ಷರತ್ತು ಓದಿ ನೋಡಿದ್ರೆ ಹಿಂದಿನ ಮೂರು ವರ್ಷದ ಆಡಿಟ್ ಆದ ಲೆಕ್ಕಪತ್ರ ಬೇಕು, ಇಂತಿಷ್ಟು ಟರ್ನೋವರ್, ಅಂದ್ರೆ ವರ್ಷದ ವಹಿವಾಟು, ಇರ್ಬೇಕು, ಬ್ಯಾಂಕ್ ಗ್ಯಾರಂಟಿ ಕೊಡ್ಬೇಕು, ಊರಿನ ಅಷ್ಟೂ ಕಟ್ಟಡಕ್ಕೆ ಸೇರಿ ಒಂದೇ ಟೆಂಡರ್, ಬಿಲ್ ಯಾವಾಗ ಪಾಸ್ ಆಗುತ್ತೆ ಅಂತ ಎಲ್ಲೂ ಬರೆದಿಲ್ಲ, ಕೊನೇಲಿ ಎಲ್ರಿಗಿಂತ ಕಡಿಮೆ ರೇಟ್ ಹಾಕಿದೋರಿಗೆ ಕೆಲಸ. ಹೋದ ತಿಂಗಳು ಹುಟ್ಟಿದ ಸಂಘಕ್ಕೆ ಮೂರು ವರ್ಷದ ಲೆಕ್ಕ ಎಲ್ಲಿಂದ ಬರ್ಬೇಕು? ತಮಾಷೆ ಏನಂದ್ರೆ ಅದೇ ಕಚೇರಿಯ ಮೇಲಿನ ಮಹಡೀಲಿ 'ಸಹಕಾರ ಸಂಘಗಳಿಗೆ ಪ್ರೋತ್ಸಾಹಧನ' ಅಂತ ಒಂದು ಸ್ಕೀಮ್ ನಡೀತಾ ಇರಬಹುದು. ಮೇಲಿನ ಮಹಡಿಯೋರು ಸಂಘ ಹುಟ್ಟಿಸ್ತಾರೆ, ಕೆಳಗಿನ ಮಹಡಿಯೋರು ಬಾಗಿಲು ಹಾಕ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ, ಒಪ್ಪೋದು ಬಿಡೋದು ಆಮೇಲೆ. ಸ್ಥಳೀಯ ಸಂಸ್ಥೆ ಸಹಕಾರ ಸಂಘಕ್ಕೆ ಮಾಡಬಹುದಾದ ದೊಡ್ಡ ಉಪಕಾರ ಇರೋದು ಆ ಕೆಳಗಿನ ಮಹಡೀಲೇ. ಹೆಂಗಿದ್ರೂ ತಾನು ಮಾಡಿಸ್ಲೇಬೇಕಾದ ಕೆಲಸವನ್ನ ಸಂಘದ ಕೈಲಿ ಮಾಡಿಸೋದು, ತನ್ನ ಹತ್ರ ಇರೋ ಜಾಗವನ್ನ ಬಳಸೋಕೆ ಬಿಡೋದು, ಮಾಡಿದ ಕೆಲಸಕ್ಕೆ ಟೈಮಿಗೆ ದುಡ್ಡು ಕೊಡೋದು. ಇಷ್ಟಾದ್ರೆ ಉಳಿದಿದ್ದನ್ನ ಸಂಘವೇ ನೋಡ್ಕೊಳ್ಳುತ್ತೆ, ನೋಡ್ಕೊಳ್ಳೋಕಾಗಲ್ಲ ಅಂದ್ರೆ ಗ್ರಾಂಟ್ ಕೊಟ್ರೂ ಅದು ನಿಲ್ಲಲ್ಲ.

ಬುಡದಿಂದ ಬರೋಣ. ಸಹಕಾರ ಸಂಘ ಅಂದ್ರೆ ಅದನ್ನ ಬಳಸೋರೇ, ಇಲ್ಲಾ ಅದರಲ್ಲಿ ದುಡಿಯೋರೇ ಅದರ ಮಾಲೀಕರು, ಯಾರ ಹತ್ರ ಎಷ್ಟು ಷೇರಿದ್ರೂ ಒಬ್ಬರಿಗೆ ಒಂದೇ ವೋಟು. 1844ರಲ್ಲಿ ಇಂಗ್ಲೆಂಡಿನ ರೋಚ್‌ಡೇಲಿನಲ್ಲಿ 28 ಜನ ಸೇರಿ ಒಂದು ಅಂಗಡಿ ತೆಗೆದಾಗ ಮಾಡಿಕೊಂಡ ನಿಯಮಗಳೇ ಇವತ್ತಿಗೂ ಹೆಚ್ಚುಕಮ್ಮಿ ನಡ್ಕೊಂಡು ಬಂದಿವೆ. ಇನ್ನು ನಗರಸಭೆ, ಪಂಚಾಯ್ತಿ, ಪಾಲಿಕೆ, ಪ್ರಾಂತ್ಯ, ಹೆಸರು ಏನೇ ಇರ್ಲಿ, ಈ ಸ್ಥಳೀಯ ಸಂಸ್ಥೆಗಳಿಗೆ ಸಾಮಾನ್ಯವಾಗಿ ಸಹಕಾರ ಕಾಯ್ದೆ ಮಾಡೋ ಅಧಿಕಾರ ಇರಲ್ಲ. ಕಾಯ್ದೆ, ನೋಂದಣಿ ನಿಯಮ, ಆದಾಯ ತೆರಿಗೆ ಎಲ್ಲ ಮೇಲಿನ ಸರ್ಕಾರದ ಕೈಲಿ. ಹಂಗಾದ್ರೆ ಇವ್ರ ಕೈಲಿ ಏನಿದೆ ಅಂತ ಕೇಳಿದ್ರೆ, ತುಂಬಾ ಇದೆ: ಜಾಗ ಇದೆ, ಖಾಲಿ ಬಿದ್ದ ಕಟ್ಟಡ ಇದೆ, ಲೈಸೆನ್ಸ್ ಇದೆ, ವರ್ಷಪೂರ್ತಿ ಕಸ ಎತ್ತಿಸೋದ್ರಿಂದ ಹಿಡಿದು ಶಾಲೆಗೆ ಊಟ ಹಾಕಿಸೋ ತನಕ ಖರೀದಿ ಮಾಡ್ಲೇಬೇಕಾದ ಸೇವೆಗಳ ಉದ್ದ ಪಟ್ಟಿ ಇದೆ. ಜೊತೆಗೆ ಒಂದು ಸೀಲು ಇದೆ, ಆ ಸೀಲಿನ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಟ್ರಿಯೆಸ್ಟೆ ಕಥೆ, ಯಾಕಂದ್ರೆ ಈ ವಿಷಯದಲ್ಲಿ ನಂಗೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಕ್ಕಿಲ್ಲ. ಇಟಲಿಯ ಈ ಊರಿನ ಮಾನಸಿಕ ಆಸ್ಪತ್ರೆಯನ್ನ ನಡೆಸ್ತಿದ್ದಿದ್ದು ಅಲ್ಲಿನ ಪ್ರಾಂತೀಯ ಆಡಳಿತ. ಅದರ ಅಧ್ಯಕ್ಷ ಮಿಕೆಲೆ ಝಾನೆತ್ತಿ 1971ರಲ್ಲಿ ಫ್ರಾಂಕೋ ಬಸಾಲಿಯಾ ಅನ್ನೋ ಡಾಕ್ಟ್ರನ್ನ ನಿರ್ದೇಶಕರಾಗಿ ಕರೆತಂದ್ರು. ಒಳಗೆ ಸಾವಿರಕ್ಕೂ ಹೆಚ್ಚು ರೋಗಿಗಳಿದ್ರು. ಅವ್ರಲ್ಲಿ ಎಷ್ಟೋ ಜನ ವಾರ್ಡ್ ಗುಡಿಸೋದು, ಅಡುಗೆಮನೆ ಕೆಲಸ, ಇಂಥದ್ದೆಲ್ಲ ದಿನಾ ಮಾಡ್ತಿದ್ರು, ಆದ್ರೆ ಅದಕ್ಕೆ 'ಚಿಕಿತ್ಸೆ' ಅಂತ ಹೆಸರಿಟ್ಟಿದ್ರಿಂದ ಸಂಬಳ ಅನ್ನೋದೇ ಇರ್ಲಿಲ್ಲ, ಏನೋ ಚಿಲ್ಲರೆ ಕೈಗೆ ಹಾಕಿದ್ರೆ ಮುಗೀತು. 1972ರಲ್ಲಿ ಇದೇ ರೋಗಿಗಳು ಸೇರಿ 'ಒಗ್ಗೂಡಿದ ಕೆಲಸಗಾರರು' ಅನ್ನೋ ಅರ್ಥದ ಹೆಸರಿಟ್ಟು ಒಂದು ಸಹಕಾರ ಸಂಘ ಕಟ್ಟಿದ್ರು, ಆಸ್ಪತ್ರೆಯ ಸ್ವಚ್ಛತೆ ಕೆಲಸ ಆ ಸಂಘಕ್ಕೆ ಕಾಂಟ್ರ್ಯಾಕ್ಟ್ ಮೇಲೆ ಹೋಯ್ತು. ಅದೇ ಕಾರಿಡಾರು, ಅದೇ ಪೊರಕೆ, ಅದೇ ಕೈ. ನಿನ್ನೆ ತನಕ ರೋಗಿ, ಇವತ್ತಿಂದ ಸಂಬಳ ಎಣಿಸ್ಕೊಳ್ಳೋ ಕೆಲಸಗಾರ, ಸಂಘದ ಸಭೇಲಿ ಕೈ ಎತ್ತೋ ಸದಸ್ಯ.

ಇಲ್ಲಿ ಆಡಳಿತ ಮಾಡಿದ್ದೇನು ಅಂತ ಸ್ವಲ್ಪ ಯೋಚ್ನೆ ಮಾಡಿ. ಸಹಕಾರ ಇಲಾಖೆ ಅಂತ ಒಂದು ತೆಗೀಲಿಲ್ಲ, ಸಬ್ಸಿಡಿ ಸ್ಕೀಮ್ ಮಾಡ್ಲಿಲ್ಲ. ಆಸ್ಪತ್ರೆ ಅಂದ್ಮೇಲೆ ನೆಲ ಒರೆಸ್ಲೇಬೇಕಿತ್ತು, ಆ ಕೆಲಸವನ್ನ ಯಾರ ಹೆಸರಲ್ಲಿ, ಯಾವ ಕರಾರಲ್ಲಿ ಮಾಡಿಸ್ಬೇಕು ಅನ್ನೋದನ್ನ ಬದಲಾಯಿಸ್ತು. ಇಂಥ ಸಂಘಗಳು ಇಟಲಿಯ ಬೇರೆ ಊರುಗಳಲ್ಲೂ ಬೆಳೆದು, ಕಾನೂನು ಬಂದಿದ್ದು ಸುಮಾರು 20 ವರ್ಷ ಬಿಟ್ಟು, 1991ರ 381ನೇ ಕಾಯ್ದೆ. ಅದರಲ್ಲಿ 'ಸಾಮಾಜಿಕ ಸಹಕಾರ ಸಂಘ'ಗಳನ್ನ ಎರಡು ಬಗೆ ಮಾಡಿದ್ರು. ಎ ಟೈಪು ಆರೈಕೆ, ಆರೋಗ್ಯ, ಶಿಕ್ಷಣದಂಥ ಸೇವೆ ಕೊಡೋದು. ಬಿ ಟೈಪು ಬೇರೆ ಯಾರೂ ಕೆಲಸ ಕೊಡದೋರಿಗೆ, ಅಂದ್ರೆ ಅಂಗವಿಕಲರು, ಮಾನಸಿಕ ಕಾಯಿಲೆಯಿಂದ ಬಂದೋರು, ಜೈಲಿಂದ ಬಂದೋರು, ವ್ಯಸನ ಬಿಟ್ಟೋರು, ಇಂಥೋರಿಗೆ ಕೆಲಸ ಕೊಡೋದು, ಕೆಲಸಗಾರರಲ್ಲಿ ಕಮ್ಮಿ ಅಂದ್ರೂ 30% ಇಂಥೋರೇ ಇರ್ಬೇಕು. ಒಂದು ಮಿತಿಯೊಳಗಿನ ಖರೀದಿಯನ್ನ ನಗರಸಭೆಗಳು ಮಾಮೂಲಿ ಟೆಂಡರ್ ಇಲ್ದೇ ನೇರವಾಗಿ ಬಿ ಟೈಪಿನ ಸಂಘಗಳ ಜೊತೆ ಒಪ್ಪಂದ ಮಾಡ್ಕೊಂಡು ಕೊಡಬಹುದು ಅಂತ ಕಾಯ್ದೇಲೇ ಬರೆದ್ರು. ಊರಿನ ಪಾರ್ಕ್ ನೋಡ್ಕೊಳ್ಳೋದು, ಕಟ್ಟಡ ಕ್ಲೀನ್ ಮಾಡೋದು, ಈ ಥರದ ಸಣ್ಣ ಸಣ್ಣ ಕೆಲಸಗಳೇ ಆ ಸಂಘಗಳನ್ನ ನಿಲ್ಲಿಸಿದ್ದು.

ಹಂಗಂತ ಎಲ್ಲಾನೂ ನೇರವಾಗಿ ಕೊಟ್ಬಿಡಿ ಅಂತ ನಾನು ಹೇಳ್ತಿಲ್ಲ, ಅದ್ರಲ್ಲಿ ಇರೋ ಅಪಾಯ ಏನು ಅಂತ ಕೊನೇಲಿ ಹೇಳ್ತೀನಿ. ಟೆಂಡರ್ ಇಟ್ಕೊಂಡೇ ಎಷ್ಟೋ ಸರಿ ಮಾಡಬಹುದು. ಯುರೋಪಿಯನ್ ಯೂನಿಯನ್ನಿನ 2014ರ ಖರೀದಿ ನಿಯಮಗಳನ್ನೇ ನೋಡಿ. ದೊಡ್ಡ ಕಾಂಟ್ರ್ಯಾಕ್ಟನ್ನ ತುಂಡು ತುಂಡು ಮಾಡಿ ಕರೀರಿ, ಮಾಡಲ್ಲ ಅಂದ್ರೆ ಯಾಕೆ ಮಾಡಿಲ್ಲ ಅಂತ ಕಾರಣ ಬರೀರಿ ಅನ್ನುತ್ತೆ. ಕೇಳೋ ಟರ್ನೋವರ್ ಸಾಮಾನ್ಯವಾಗಿ ಆ ಕಾಂಟ್ರ್ಯಾಕ್ಟ್ ಮೊತ್ತದ ಎರಡರಷ್ಟಕ್ಕಿಂತ ಹೆಚ್ಚಿರಬಾರ್ದು ಅನ್ನುತ್ತೆ. ಬರೀ ಕಡಿಮೆ ರೇಟ್ ನೋಡ್ದೇ ಗುಣಮಟ್ಟ, ಸಾಮಾಜಿಕ ಉಪಯೋಗಕ್ಕೂ ಅಂಕ ಕೊಡಬಹುದು ಅನ್ನುತ್ತೆ. ಕೆಲವು ಸೇವೆಗಳ ಟೆಂಡರನ್ನ ಕೆಲಸಗಾರರ ಮಾಲೀಕತ್ವ ಅಥವಾ ಭಾಗವಹಿಸುವಿಕೆ ಇರೋ ಸಂಸ್ಥೆಗಳಿಗೆ ಮಾತ್ರ ಮೀಸಲಿಡೋಕೂ ದಾರಿ ಇದೆ, ಆದ್ರೆ ಗರಿಷ್ಠ ಮೂರು ವರ್ಷಕ್ಕೆ. ಇದೆಲ್ಲ ಓದೋಕೆ ಒಣ ಒಣ ಅನ್ಸುತ್ತೆ ನಿಜ, ಆದ್ರೆ ಮೊದಲು ಹೇಳಿದ ಆ ಹತ್ತು ಜನರ ಕಾಗದದ ಮೇಲೆ ಇದನ್ನ ಒಂದೊಂದಾಗಿ ಇಟ್ಟು ನೋಡಿ. ಐವತ್ತು ಕಟ್ಟಡದ ಒಂದು ಟೆಂಡರ್ ಬದಲು ಐದೈದು ಕಟ್ಟಡದ ಹತ್ತು ಟೆಂಡರ್ ಆದ್ರೆ ಹತ್ತು ಜನರ ಸಂಘ ಒಂದಕ್ಕಾದ್ರೂ ಕೈ ಹಾಕಬಹುದು.

ಇನ್ನು ಬಿಲ್ಲಿನ ವಿಷಯ, ಇದನ್ನ ಯಾರೂ ಭಾಷಣದಲ್ಲಿ ಹೇಳಲ್ಲ. ದೊಡ್ಡ ಕಂಟ್ರ್ಯಾಕ್ಟರ್‌ಗೆ ಬ್ಯಾಂಕಲ್ಲಿ ಓವರ್‌ಡ್ರಾಫ್ಟ್, ಅಂದ್ರೆ ಖಾತೇಲಿ ಇರೋದಕ್ಕಿಂತ ಹೆಚ್ಚು ದುಡ್ಡು ತೆಗೆಯೋ ಸೌಲಭ್ಯ, ಇರುತ್ತೆ, ಪೇಮೆಂಟ್ ಮೂರು ತಿಂಗಳು ಲೇಟಾದ್ರೂ ಅವನು ಹೆಂಗೋ ತೂಗಿಸ್ತಾನೆ, ಆಮೇಲೆ ಆ ಬಡ್ಡಿಯನ್ನೂ ಸೇರಿಸೇ ಮುಂದಿನ ಸಲ ರೇಟ್ ಹಾಕ್ತಾನೆ. ಸಂಘದಲ್ಲಿ ಮಾಲೀಕರೂ ಅವರೇ ಕೂಲಿಯೋರೂ ಅವರೇ, ತಿಂಗಳು ಮುಗಿದ್ರೆ ಅವ್ರ ಮನೆ ನಡೀಬೇಕು. ಎರಡು ತಿಂಗಳು ಬಿಲ್ ಆಗ್ಲಿಲ್ಲ ಅಂದ್ರೆ ಸದಸ್ಯರು ಒಬ್ಬೊಬ್ಬರಾಗಿ ಹಳೇ ಕಂಟ್ರ್ಯಾಕ್ಟರ್ ಹತ್ರ ವಾಪಸ್ ಹೋಗ್ತಾರೆ, ಸಂಘ ಮುಚ್ಚಿಹೋಗುತ್ತೆ, ಆಮೇಲೆ 'ನಮ್ಮ ಜನಕ್ಕೆ ಸಹಕಾರ ಅಂದ್ರೆ ಆಗ್ಬರಲ್ಲ' ಅಂತ ಯಾರೋ ಒಬ್ರು ಷರಾ ಬರೀತಾರೆ. ಯುರೋಪಿನಲ್ಲಿ 2011ರ ಒಂದು ನಿಯಮದ ಪ್ರಕಾರ ಸರ್ಕಾರಿ ಸಂಸ್ಥೆಗಳು ಸಾಮಾನ್ಯವಾಗಿ 30 ದಿನದೊಳಗೆ ದುಡ್ಡು ಕೊಡ್ಬೇಕು, ತಡ ಆದ್ರೆ ಬಡ್ಡಿ ಸೇರಿಸಿ ಕೊಡ್ಬೇಕು. ನಿಯಮ ಇದ್ದ ಮಾತ್ರಕ್ಕೆ ಎಲ್ರೂ ಪಾಲಿಸ್ತಾರೆ ಅಂತಲ್ಲ, ಆದ್ರೆ ಕೇಳೋಕೆ ಒಂದು ಆಧಾರ ಆದ್ರೂ ಇರುತ್ತೆ.

ಖರೀದಿ ಶಕ್ತಿಯ ಮಾತು ಬಂದ್ರೆ ಎಲ್ರೂ ಇಂಗ್ಲೆಂಡಿನ ಪ್ರೆಸ್ಟನ್ ಹೆಸರು ಹೇಳ್ತಾರೆ. 2011ರಲ್ಲಿ ಆ ಊರಿಗೆ ಬರ್ಬೇಕಿದ್ದ ದೊಡ್ಡ ಶಾಪಿಂಗ್ ಸೆಂಟರ್ ಯೋಜನೆ ಬಿದ್ದುಹೋಯ್ತು, ಹೊರಗಿಂದ ಬಂಡವಾಳ ಬರುತ್ತೆ ಅಂತ ಕಾದು ಕೂತಿದ್ದೇ ಬಂತು. ಆಮೇಲೆ ಕೌನ್ಸಿಲ್‌ನವ್ರು ಊರಿನ ದೊಡ್ಡ ದೊಡ್ಡ ಸಾರ್ವಜನಿಕ ಸಂಸ್ಥೆಗಳನ್ನ, ಅಂದ್ರೆ ಕಾಲೇಜು, ಪೊಲೀಸ್, ವಸತಿ ಸಂಸ್ಥೆ, ಇಂಥವನ್ನೆಲ್ಲ ಒಟ್ಟಿಗೆ ಕೂರಿಸ್ಕೊಂಡು ನೀವೆಲ್ಲ ವರ್ಷಕ್ಕೆ ಮಾಡೋ ಖರ್ಚಲ್ಲಿ ಊರೊಳಗೆ ಎಷ್ಟು ಉಳಿಯುತ್ತೆ ಅಂತ ಲೆಕ್ಕ ತೆಗೆಸಿದ್ರು. 2012-13ರಲ್ಲಿ ಬರೀ 5%. 2016-17ರ ಹೊತ್ತಿಗೆ ಅದು 18% ದಾಟ್ತು, ಸುತ್ತಲಿನ ಲ್ಯಾಂಕಾಶೈರ್ ಪ್ರದೇಶ ಸೇರಿಸಿದ್ರೆ 39% ಇದ್ದಿದ್ದು 79% ಆಯ್ತು. ಒಳ್ಳೆ ಅಂಕಿ. ಆದ್ರೆ ಒಂದು ಮಾತು, ಇದು ಸ್ಥಳೀಯ ಖರೀದಿ ಹೆಚ್ಚಾದ ಅಂಕಿ, ಸಹಕಾರ ಸಂಘದಿಂದ ಮಾಡಿದ ಖರೀದಿಯ ಅಂಕಿ ಅಲ್ಲ. ಊರಿನ ಸಂಸ್ಥೆ ಎಲ್ಲ ಸಹಕಾರ ಸಂಘ ಅಲ್ಲವಲ್ಲ. ಪ್ರೆಸ್ಟನ್‌ನವ್ರು ಹೊಸ ಸಂಘಗಳನ್ನ ಹುಟ್ಟಿಸೋಕೂ ಕೈ ಹಾಕಿದ್ರು, ಅದು ಮಾತ್ರ ತುಂಬಾ ನಿಧಾನದ ಕೆಲಸ. ಈ ಎರಡನ್ನೂ ಕಲಸಿ ಮಾತಾಡೋರೇ ಜಾಸ್ತಿ, ಅದಕ್ಕೆ ಹೇಳಿದೆ.

ನಿಧಾನ ಅಂದ್ರೆ ಎಷ್ಟು ನಿಧಾನ ಅಂತ ತಿಳ್ಕೊಳ್ಳೋಕೆ ಅಮೆರಿಕದ ಕ್ಲೀವ್‌ಲ್ಯಾಂಡ್ ನೋಡಬೇಕು. 2008ರಲ್ಲಿ ಅಲ್ಲಿ ಎವರ್‌ಗ್ರೀನ್ ಅಂತ ಕೆಲಸಗಾರರ ಸಹಕಾರ ಸಂಘಗಳ ಗುಂಪು ಶುರುವಾಯ್ತು. ಪಕ್ಕದಲ್ಲೇ ದೊಡ್ಡ ಆಸ್ಪತ್ರೆಗಳು, ಯೂನಿವರ್ಸಿಟಿ, ಅವ್ರ ಕೋಟ್ಯಂತರ ಖರೀದಿ, ಅದರ ಗೋಡೆ ಆಚೆಗೇ ಬಡ ಕೇರಿಗಳು. ಒಂದು ಫೌಂಡೇಶನ್ ಶುರು ಮಾಡೋಕೆ ಬೇಕಾದ ಹಣ ಹಾಕ್ತು, ನಗರಾಡಳಿತ ಸಾಲ ಹೊಂದಿಸೋಕೆ ಕೈಜೋಡಿಸ್ತು, 2009ರಲ್ಲಿ ಆಸ್ಪತ್ರೆ ಬಟ್ಟೆ ಒಗೆಯೋ ಲಾಂಡ್ರಿ ಸಂಘ ಬಾಗಿಲು ತೆಗೀತು. ಇಷ್ಟೆಲ್ಲ ಆದ್ರೂ ಪಕ್ಕದ ಅತಿ ದೊಡ್ಡ ಆಸ್ಪತ್ರೆಯಾದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ಲಾಂಡ್ರಿ ಕೆಲಸ ಅದರ ಕೈಗೆ ಬಂದಿದ್ದು 2018ರಲ್ಲಿ. ಒಂಬತ್ತು ವರ್ಷ! ಐದು ವರ್ಷಕ್ಕೊಂದು ಚುನಾವಣೆ ನೋಡೋ ಆಡಳಿತಕ್ಕೆ ಒಂಬತ್ತು ವರ್ಷ ಕಾಯೋ ತಾಳ್ಮೆ ಎಲ್ಲಿಂದ ಬರ್ಬೇಕು ಹೇಳಿ.

ಈ ತಾಳ್ಮೆ ವಿಷಯದಲ್ಲಿ ಸ್ವಿಟ್ಜರ್‌ಲ್ಯಾಂಡಿನ ಜ್ಯೂರಿಕ್ ಊರು ಬೇರೇನೇ ಲೆಕ್ಕದ್ದು. ಅಲ್ಲಿ ವಸತಿ ಸಹಕಾರ ಸಂಘಗಳಿಗೆ ನಗರ ಬೆಂಬಲ ಕೊಡೋಕೆ ಶುರು ಮಾಡಿ ನೂರು ವರ್ಷ ಮೇಲಾಯ್ತು, 1907ರಿಂದ. ಪದ್ಧತಿ ಸಿಂಪಲ್: ನಗರ ತನ್ನ ಜಾಗ ಮಾರಲ್ಲ, ದೀರ್ಘಾವಧಿಗೆ, ಅಂದ್ರೆ ಅರವತ್ತು ವರ್ಷದ ಮೇಲೆ, ಲೀಸ್‌ಗೆ ಕೊಡುತ್ತೆ. ಸಂಘ ಅಲ್ಲಿ ಮನೆ ಕಟ್ಟಿ ಸದಸ್ಯರಿಗೆ ಬಾಡಿಗೆಗೆ ಕೊಡುತ್ತೆ, ಬಾಡಿಗೆ ಖರ್ಚು ಹುಟ್ಟೋಷ್ಟೇ ಇರ್ಬೇಕು, ಲಾಭ ಇಟ್ಕೊಳ್ಳಂಗಿಲ್ಲ. ಜಾಗ ನಗರದ್ದೇ ಆಗಿರೋದ್ರಿಂದ ನಾಳೆ ಯಾರೋ ಸದಸ್ಯರು ಸೇರಿ ಮಾರ್ಕೊಂಡು ಹೋಗೋ ಭಯಾನೂ ಇಲ್ಲ. ಸಾಲದ ಕಡೆಯಿಂದ್ಲೂ ನಗರದ ಬೆಂಬಲ ಇರೋದ್ರಿಂದ ಸಂಘ ತನ್ನ ಕೈಯಿಂದ ಹಾಕಬೇಕಾದ ಬಂಡವಾಳ ಒಟ್ಟು ವೆಚ್ಚದ ಸುಮಾರು 6% ಮಾತ್ರ. ಬ್ಯಾಂಕ್ ಮಾಮೂಲಿ ಬಿಲ್ಡರ್ ಹತ್ರ ಇದರ ಮೂರು ಪಟ್ಟು ಕೇಳುತ್ತೆ.

ಅಲ್ಲಿ ಕಾಲ್ಕ್‌ಬ್ರೈಟೆ ಅಂತ ಒಂದು ಕಟ್ಟಡ ಇದೆ. ಕೆಳಗಡೆ ನಗರದ ಟ್ರಾಮ್ ಡಿಪೋ, ರಾತ್ರಿಯಾದ್ರೆ ಟ್ರಾಮ್‌ಗಳು ಬಂದು ಒಳಗೆ ನಿಲ್ತವೆ, ಅದರ ಮೇಲಕ್ಕೆ ಮನೆಗಳು, ಅಂಗಡಿ, ಆಫೀಸು, ಡಿಪೋ ಛಾವಣಿ ಮೇಲೇ ಒಂದು ದೊಡ್ಡ ಅಂಗಳ. ಸುಮಾರು 250 ಜನ ಅಲ್ಲಿ ವಾಸ ಇದ್ದಾರೆ. ಅಕ್ಕಪಕ್ಕದ ಜನ ಸೇರಿ 2007ರಲ್ಲಿ ಸಂಘ ಕಟ್ಟಿದ್ರು, 2014ರಲ್ಲಿ ಮನೆಗೆ ಬಂದ್ರು. ಟ್ರಾಮ್ ನಿಲ್ಸೋ ಜಾಗದ ಮೇಲಿನ ಗಾಳಿಯನ್ನ ಯಾವ ನಗರಸಭೆ ತಾನೇ ಆಸ್ತಿ ಅಂತ ಲೆಕ್ಕಕ್ಕೆ ಹಿಡಿಯುತ್ತೆ? ಇವ್ರು ಹಿಡಿದ್ರು. 2011ರಲ್ಲಿ ಜ್ಯೂರಿಕ್ ಜನ ಮತ ಹಾಕಿ, 2050ರೊಳಗೆ ಊರಿನ ಬಾಡಿಗೆ ಮನೆಗಳಲ್ಲಿ ಮೂರನೇ ಒಂದು ಭಾಗ ಲಾಭಕ್ಕಲ್ಲದ ಮನೆಗಳೇ ಇರ್ಬೇಕು ಅಂತ ಗುರಿ ಹಾಕ್ಕೊಂಡಿದ್ದಾರೆ. ಗುರಿ ಮುಟ್ತಾರೋ ಇಲ್ವೋ ಬೇರೆ ಪ್ರಶ್ನೆ, ಜಾಗದ ರೇಟ್ ನೋಡಿದ್ರೆ ಕಷ್ಟಾನೇ. ಆದ್ರೆ ಮೇಯರ್ ಬದಲಾದ್ರೂ ಗುರಿ ಬದಲಾಗಲ್ಲ.

ಈಗ ಸೀಲಿನ ಕಥೆ. ಪುಣೆಯಲ್ಲಿ ಕಸ ಆಯೋರು, ಅದ್ರಲ್ಲಿ ಹೆಂಗಸ್ರೇ ಹೆಚ್ಚು, 1993ರಲ್ಲಿ ಯೂನಿಯನ್ ಕಟ್ಟಿಕೊಂಡ್ರು. ಆ ದಶಕದಲ್ಲೇ ಅಲ್ಲಿನ ಪಾಲಿಕೆ ಅವ್ರ ಗುರುತಿನ ಚೀಟಿಗೆ ತನ್ನ ಮುದ್ರೆ ಒತ್ತಿಕೊಡ್ತು. ಬೆಳಗಿನ ಜಾವ ಗೋಣಿ ಹೊತ್ಕೊಂಡು ಹೋಗೋರನ್ನ ಕಳ್ಳರು ಅಂತ ತಡೆಯೋ ಕಡೆ ಒಂದು ಚೀಟಿ ಅಂದ್ರೆ ಏನು ಅಂತ ಕಚೇರೀಲಿ ಕೂತೋರಿಗೆ ಗೊತ್ತಾಗೋದು ಕಷ್ಟ. ಪಾಲಿಕೆಗೆ ಅದರ ಖರ್ಚು ಎಷ್ಟಪ್ಪಾ, ಶಾಯಿ ಖರ್ಚು. ಆ ಗುರುತಿನ ಮೇಲೇ ಮುಂದೆ ಎಲ್ಲಾ ಕಟ್ಟಿದ್ದು: 2008ರಲ್ಲಿ ಇದೇ ಕಸ ಆಯೋರ ಮಾಲೀಕತ್ವದ 'ಸ್ವಚ್ಛ್' ಅನ್ನೋ ಸಹಕಾರ ಸಂಘದ ಜೊತೆ ಪಾಲಿಕೆ ಒಪ್ಪಂದ ಮಾಡ್ಕೊಂಡು ಮನೆಮನೆ ಕಸ ಸಂಗ್ರಹದ ಕೆಲಸ ವಹಿಸ್ತು. ಸದಸ್ಯರು ಮನೆಯೋರಿಂದ ಬಳಕೆ ಶುಲ್ಕ ತಗೋತಾರೆ, ಒಣಕಸ ಮಾರಿದ ದುಡ್ಡೂ ಅವರದೇ. ಬೀದೀಲಿ ಆಯ್ಕೊಂಡು ತಿರುಗೋದಕ್ಕೂ, ಬಾಗಿಲಲ್ಲಿ ನಿಂತು 'ಕಸ ಕೊಡಿ' ಅಂತ ಹಕ್ಕಿಂದ ಕೇಳೋದಕ್ಕೂ ಇರೋ ದೂರ ದೊಡ್ಡದು. ಆದ್ರೆ ಒಪ್ಪಂದದ ಅವಧಿ ಮುಗಿದಾಗ ನವೀಕರಣ ಆಗುತ್ತೋ, ಖಾಸಗಿ ಕಂಪನಿಗೆ ಹೋಗುತ್ತೋ ಅನ್ನೋ ತೂಗುಯ್ಯಾಲೆ ಅವ್ರಿಗೂ ತಪ್ಪಿಲ್ಲ.

ತರಬೇತಿ, ಲೆಕ್ಕ ಬರೆಯೋಕೆ ಸಹಾಯ, ಕಾನೂನು ಸಲಹೆ, ಇವೆಲ್ಲ ಬೇಕು, ಇದ್ರ ಬಗ್ಗೆ ಎಲ್ರೂ ಬರೀತಾರೆ, ನಾನು ಉದ್ದ ಮಾಡಲ್ಲ. ಒಂದೇ ಮಾತು: ಸಂಘ ಹುಟ್ಟೋ ಮುಂಚೆ ಕೊಡೋ ತರಬೇತಿಗಿಂತ ಹುಟ್ಟಿ ಎರಡನೇ ವರ್ಷದಲ್ಲಿ ಜಗಳ ಶುರುವಾದಾಗ ಪಕ್ಕದಲ್ಲಿ ಬಂದು ಕೂರೋ ಒಬ್ಬ ಅನುಭವಸ್ಥ ಮುಖ್ಯ. ಹೆಚ್ಚಿನ ಸಂಘಗಳಿಗೆ ಗ್ರಹಚಾರ ಶುರುವಾಗೋದು ಆಗ್ಲೇ.

ಗ್ರಾಂಟ್ ವಿಷಯಕ್ಕೆ ಬರೋಣ. ದಕ್ಷಿಣ ಕೊರಿಯಾದಲ್ಲಿ 2012ರ ಡಿಸೆಂಬರ್ 1ರಿಂದ ಹೊಸ ಸಹಕಾರ ಕಾಯ್ದೆ ಜಾರಿಗೆ ಬಂತು, ಐದು ಜನ ಇದ್ರೆ ಸಾಕು ಸಂಘ ಮಾಡಬಹುದು, ಅರ್ಜಿ ತಗೊಳ್ಳೋದು ಸ್ಥಳೀಯ ಆಡಳಿತವೇ. ರಾಜಧಾನಿ ಸೋಲ್ ನಗರ ಆಗಿನ ಮೇಯರ್ ಪಾರ್ಕ್ ವೊನ್-ಸೂನ್ ಕಾಲದಲ್ಲಿ ಭಾರೀ ಉತ್ಸಾಹದಿಂದ ಸಲಹಾ ಕೇಂದ್ರ, ಸಾಲ, ಬೆಂಬಲ ಎಲ್ಲ ಕೊಡ್ತು. ನಾಲ್ಕೈದು ವರ್ಷದಲ್ಲಿ ದೇಶದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಸಂಘ ನೋಂದಣಿ ಆದ್ವು. ಕೇಳೋಕೆ ಖುಷಿ. ಆಮೇಲೆ ಸರ್ಕಾರವೇ ಸಮೀಕ್ಷೆ ಮಾಡಿ ನೋಡಿದ್ರೆ ನಿಜವಾಗ್ಲೂ ಉಸಿರಾಡ್ತಿದ್ದಿದ್ದು ಸುಮಾರು ಅರ್ಧ. ಸುಲಭವಾಗಿ ನೋಂದಣಿ ಆಗೋದು ತಪ್ಪಲ್ಲ, ಖಂಡಿತ ಒಳ್ಳೇದೇ, ಆದ್ರೆ ಗಿರಾಕಿ ಯಾರು ಅಂತ ಗೊತ್ತಿಲ್ದೇ ಬೆಂಬಲ ಸಿಗುತ್ತೆ ಅಂತ ಸಂಘ ಮಾಡಿದ್ರೆ ಅದು ಅರ್ಜಿ ನಮೂನೆಯ ಸಂಘ ಆಗುತ್ತೆ ಅಷ್ಟೇ. ಇನ್ನೊಂದು, 2021ರಲ್ಲಿ ಮೇಯರ್ ಬದಲಾದ್ಮೇಲೆ ಸೋಲ್‌ನಲ್ಲಿ ಈ ವಲಯಕ್ಕೆ ಕೊಡ್ತಿದ್ದ ಬೆಂಬಲಕ್ಕೂ ಕತ್ತರಿ ಬಿತ್ತು. ಜ್ಯೂರಿಕ್‌ನ ಲೀಸ್ ಪತ್ರಕ್ಕೂ ಇದಕ್ಕೂ ಇರೋ ವ್ಯತ್ಯಾಸ ನೋಡಿ.

ದಾನದಿಂದ ಸಂಘ ನಿಲ್ಲಲ್ಲ ಅನ್ನೋದನ್ನ ಮೊದಲು ಕಂಡ್ಕೊಂಡೋರಲ್ಲಿ ಒಬ್ರು ಸ್ವತಃ ಸ್ಥಳೀಯ ಆಡಳಿತಗಾರರು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಗ್ರಾಮೀಣ ಸಹಕಾರ ಸಾಲದ ಪದ್ಧತಿ ಹುಟ್ಟುಹಾಕಿದ ಜರ್ಮನಿಯ ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಜೆನ್ ಬ್ಯಾಂಕರ್ ಅಲ್ಲ, ಹಳ್ಳಿಗಳ ಮೇಯರ್. 1845ರಲ್ಲಿ ವೇಯರ್‌ಬುಷ್ ಅನ್ನೋ ಊರಿಗೆ ಮೇಯರ್ ಆಗಿ ಬಂದ್ರು. ಮರುವರ್ಷವೇ ಬೆಳೆ ಕೈಕೊಟ್ಟು ಚಳಿಗಾಲದಲ್ಲಿ ಕ್ಷಾಮ. ಸರ್ಕಾರ ಧಾನ್ಯ ಕಳಿಸ್ತು, ಆದ್ರೆ ನಗದು ಕೊಟ್ಟೋರಿಗೆ ಮಾತ್ರ ಕೊಡಿ ಅಂತ ಷರತ್ತು. ನಗದು ಇದ್ದಿದ್ರೆ ಜನ ಹಸಿವಿಂದ ಯಾಕೆ ಸಾಯ್ತಿದ್ರು? ರೈಫೈಜೆನ್ ಷರತ್ತು ಮೀರಿ ಸಾಲವಾಗಿ ಹಂಚಿದ್ರು, ಊರಿನ ಉಳ್ಳವರ ಹತ್ರ ದುಡ್ಡು ಎತ್ತಿ ಬ್ರೆಡ್ ಸಂಘ ಕಟ್ಟಿದ್ರು, ಒಂದು ಬೇಯಿಸೋ ಮನೇನೂ ಕಟ್ಟಿಸಿದ್ರು. ಮುಂದೆ ಹೆಡೆಸ್‌ಡಾರ್ಫ್‌ನಲ್ಲಿ ಮೇಯರ್ ಆಗಿದ್ದಾಗ 1854ರಲ್ಲಿ ಮತ್ತೆ ಅದೇ ಮಾದರಿ, ಉಳ್ಳವರು ಇಲ್ಲದವರಿಗೆ ನೆರವಾಗೋ ಪರೋಪಕಾರಿ ಸಂಘ. ಹತ್ತು ವರ್ಷ ನಡೆಸಿದ್ಮೇಲೆ ಅವ್ರಿಗೇ ಗೊತ್ತಾಯ್ತು, ಕೊಡೋರ ಉತ್ಸಾಹ ಇಳೀತು, ತಗೊಳ್ಳೋರಿಗೆ ಇದು ನಮ್ಮದು ಅನ್ನಿಸ್ಲಿಲ್ಲ. 1864ರಲ್ಲಿ ಅದನ್ನ ಬದಲಾಯಿಸಿ ಸಾಲ ತಗೊಳ್ಳೋರೇ ಸದಸ್ಯರಾಗಿ, ಒಬ್ಬರ ಸಾಲಕ್ಕೆ ಎಲ್ರೂ ಜವಾಬ್ದಾರರಾಗೋ ಸಾಲ ಸಂಘ ಮಾಡಿದ್ರು. ಲೋಕದಲ್ಲೆಲ್ಲ ಹಬ್ಬಿದ್ದು ಈ ಎರಡನೇ ಮಾದರಿ, ಮೊದಲನೇದಲ್ಲ.

ರೈಫೈಜೆನ್ ಮಾಡಿದ್ದನ್ನ ನೆಪ ಮಾಡ್ಕೊಂಡು ಮೇಯರ್‌ಗಳೇ ಸಂಘದ ಅಧ್ಯಕ್ಷರಾಗಿ ಕೂತ್ಕೊಂಡ್ರೆ ಏನಾಗುತ್ತೆ ಅನ್ನೋದು ಇನ್ನೊಂದು ಕಡೆ. ಬೆಂಬಲ ಕೊಟ್ಟೋರು ನಾಮನಿರ್ದೇಶನ ಮಾಡ್ತಾರೆ, ನಾಮನಿರ್ದೇಶಿತರು ಜಾಸ್ತಿಯಾಗಿ ಸದಸ್ಯರು ಸಂಘದ ಮಹಾಸಭೆಗೆ ಬರೋದೇ ಬಿಡ್ತಾರೆ, ಸಂಘ ಆಡಳಿತದ ಇನ್ನೊಂದು ಸೆಕ್ಷನ್ ಆಗ್ಬಿಡುತ್ತೆ. ಅಂತರರಾಷ್ಟ್ರೀಯ ಸಹಕಾರ ಒಕ್ಕೂಟ 1995ರಲ್ಲಿ ಒಪ್ಪಿದ ಏಳು ತತ್ವಗಳಲ್ಲಿ ನಾಲ್ಕನೇದು ಇದ್ರ ಬಗ್ಗೇನೇ ಇದೆ: ಸರ್ಕಾರದ ಜೊತೆ ಒಪ್ಪಂದ ಮಾಡ್ಕೊಳ್ಳಿ, ಹೊರಗಿಂದ ಬಂಡವಾಳ ತಗೊಳ್ಳಿ, ಆದ್ರೆ ಹತೋಟಿ ಸದಸ್ಯರ ಕೈಲೇ ಇರೋ ಷರತ್ತಿನ ಮೇಲೆ. ಮಿತಿ ಮೀರಿದ್ರೆ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೆ ತಾಂಜಾನಿಯಾ ನೋಡಿ. ಅಲ್ಲಿನ ಸರ್ಕಾರ ಮೊದಲು ಸಹಕಾರ ಒಕ್ಕೂಟಗಳನ್ನ ಎತ್ತಿ ಮೆರೆಸ್ತು, 1976ರಲ್ಲಿ ಅವನ್ನೇ ರದ್ದು ಮಾಡಿ ಸರ್ಕಾರಿ ಬೆಳೆ ಪ್ರಾಧಿಕಾರಗಳ ಕೈಗೆ ಕೊಡ್ತು, 1982ರಲ್ಲಿ ಮತ್ತೆ ಕಾನೂನು ಮಾಡಿ ವಾಪಸ್ ತಂತು. ಮೇಲಿಂದ ಕೊಟ್ಟಿದ್ದನ್ನ ಮೇಲಿಂದ್ಲೇ ಕಿತ್ಕೋಬಹುದು, ಕಿತ್ಕೊಂಡಾಗ ಕೆಳಗೆ ತಡೆಯೋ ಬೇರು ಇರಲ್ಲ.

ಒಳಗೂ ಇದ್ದು ಮೇಲೂ ಕೂರದೇ ಇರೋ ದಾರೀನೂ ಇದೆ. ಡೆನ್ಮಾರ್ಕಿನ ಕೋಪನ್‌ಹೇಗನ್ ಪಕ್ಕದ ಸಮುದ್ರದಲ್ಲಿ ಮಿಡಲ್‌ಗ್ರುಂಡೆನ್ ಅಂತ 20 ಗಾಳಿಯಂತ್ರಗಳ ಸಾಲು ಇದೆ, 2000ನೇ ಇಸವಿ ಹೊತ್ತಿಗೆ ನಿಂತಿದ್ದು, ಒಟ್ಟು 40 ಮೆಗಾವ್ಯಾಟ್. ಕಟ್ಟಿದಾಗ ಅರ್ಧ ನಗರದ ವಿದ್ಯುತ್ ಸಂಸ್ಥೆಯದ್ದು, ಇನ್ನರ್ಧ ಎಂಟು ಸಾವಿರಕ್ಕೂ ಹೆಚ್ಚು ಜನ ಸದಸ್ಯರಿರೋ ಸಹಕಾರ ಸಂಘದ್ದು. ಸಮುದ್ರದಲ್ಲಿ ಕಂಬ ನೆಡೋ ತಾಂತ್ರಿಕ ತಾಕತ್ತು ಸಂಘಕ್ಕೆ ಇರ್ಲಿಲ್ಲ, ಊರೆದುರಿಗೇ ಯಂತ್ರ ನಿಂತ್ರೂ ಜನ ಗಲಾಟೆ ಮಾಡದೇ ಇರೋ ಒಪ್ಪಿಗೆ ನಗರದ ಸಂಸ್ಥೆಗೆ ಒಂದೇ ಸಿಗ್ತಿರ್ಲಿಲ್ಲ. ಇಬ್ಬರ ಗರಜೂ ತೀರ್ತು.

ಕೊನೇದಾಗಿ ಆ ಅಪಾಯದ ಮಾತು, ಹೇಳ್ದೇ ಬಿಟ್ರೆ ಇಷ್ಟೊತ್ತು ಬರೆದಿದ್ದು ಅರ್ಧ ಸತ್ಯ ಆಗುತ್ತೆ. 2014ರ ಕೊನೇಲಿ ರೋಮ್‌ನಲ್ಲಿ ದೊಡ್ಡ ಭ್ರಷ್ಟಾಚಾರ ಬಯಲಾಯ್ತು, ನಗರಾಡಳಿತದ ಕಾಂಟ್ರ್ಯಾಕ್ಟ್‌ಗೋಸ್ಕರ ಲಂಚ ಕೊಟ್ಟ ಕೇಸಲ್ಲಿ ಸಿಕ್ಕಿಬಿದ್ದೋರಲ್ಲಿ ಒಂದು ದೊಡ್ಡ ಸಾಮಾಜಿಕ ಸಹಕಾರ ಗುಂಪಿನ ಮುಖ್ಯಸ್ಥನೇ ಇದ್ದ, ಮುಂದೆ ಶಿಕ್ಷೆಯೂ ಆಯ್ತು. ಟ್ರಿಯೆಸ್ಟೆಯಲ್ಲಿ ರೋಗಿಗಳಿಗೆ ಸಂಬಳ ತಂದುಕೊಟ್ಟಂಥ ಮಾದರೀನೇ, ಅದೇ ದೇಶ. ಸಹಕಾರ ಅನ್ನೋ ಬೋರ್ಡ್ ಇದ್ದ ಮಾತ್ರಕ್ಕೆ ಯಾರೂ ಸಾಚಾ ಆಗಲ್ಲ. ನೇರವಾಗಿ ಕೊಡೋ ಕೆಲಸ ಚಿಕ್ಕದಿದ್ದಾಗ ಎಲ್ರ ಕಣ್ಣಿಗೂ ಕಾಣುತ್ತೆ, ದೊಡ್ಡದಾಗಿ, ವರ್ಷಾನುಗಟ್ಲೆ ಒಂದೇ ಸಂಘಕ್ಕೆ ಹೋಗ್ತಿದ್ರೆ, ಆ ಸಂಘದ ಸದಸ್ಯರಿಗೇ ಲೆಕ್ಕ ಗೊತ್ತಿಲ್ಲ ಅಂದ್ರೆ, ಅದೂ ಇನ್ನೊಬ್ಬ ಕಂಟ್ರ್ಯಾಕ್ಟರೇ.

ಇದಕ್ಕೆ ಔಷಧಿ ಬಿಗಿ ಟೆಂಡರ್ ಅಲ್ಲ, ಬಿಗಿ ಮಾಡಿದ್ರೆ ಮೊದಲು ಹೊರಗೆ ಬೀಳೋದು ಆ ಹತ್ತು ಜನರೇ. ನ್ಯೂಯಾರ್ಕ್ ನಗರಸಭೆ 2014ರಲ್ಲಿ ಕೆಲಸಗಾರರ ಸಹಕಾರ ಸಂಘಗಳಿಗೆ ಅಂತ 12 ಲಕ್ಷ ಡಾಲರ್ ಬಜೆಟ್‌ನಲ್ಲಿ ಇಟ್ಟಾಗ ಎಲ್ಲ ಕಡೆ ಸುದ್ದಿಯಾಯ್ತು. ಮರುವರ್ಷ ಇನ್ನೊಂದು ಚಿಕ್ಕ ಕಾನೂನು ಮಾಡಿದ್ರು, ಅದು ಅಷ್ಟು ಸುದ್ದಿಯಾಗ್ಲಿಲ್ಲ: ನಗರದ ಕಾಂಟ್ರ್ಯಾಕ್ಟ್‌ಗಳು ಇಂಥ ಸಂಘಗಳಿಗೆ ಎಷ್ಟು ಸಿಕ್ವು, ನಗರದ ಸಹಾಯ ಎಷ್ಟು ಸಂಘಕ್ಕೆ ಮುಟ್ತು ಅಂತ ವರದಿ ಕೊಡ್ಬೇಕು. ಗ್ರಾಂಟ್ ಕೊಟ್ಟ ಮೇಲಿನ ಮಹಡಿಯೋರು ಕೆಳಗಿನ ಮಹಡಿಯೋರನ್ನ 'ನೀವೆಷ್ಟು ಕೆಲಸ ಕೊಟ್ರಿ?' ಅಂತ ಬರವಣಿಗೇಲಿ ಕೇಳೋ ವ್ಯವಸ್ಥೆ. ನಿಮ್ಮ ಸ್ಥಳೀಯ ಸಂಸ್ಥೆಗೆ ಯಾವತ್ತಾದ್ರೂ ಒಂದು ಅರ್ಜಿ ಹಾಕೋ ಮನಸ್ಸಿದ್ರೆ, ಸ್ಕೀಮ್ ಯಾವುದಿದೆ ಅಂತ ಕೇಳೋ ಬದಲು ಈ ಪ್ರಶ್ನೆ ಕೇಳಿ ನೋಡಿ: ಹೋದ ವರ್ಷದ ಕಾಂಟ್ರ್ಯಾಕ್ಟ್‌ಗಳಲ್ಲಿ ಸಹಕಾರ ಸಂಘಗಳಿಗೆ ಸಿಕ್ಕಿದ್ದೆಷ್ಟು, ಬಿಲ್ ಎಷ್ಟು ದಿನಕ್ಕೆ ಪಾಸ್ ಆಯ್ತು.